ವಾಮನನ ಪರವಾಗಿ ಪ್ರೇರಣಾ

ಭಾನುವಾರ ಬೆಳಿಗ್ಗೆ ವಾಮನ ಚಹಾದ ಲೋಟ ಹಿಡಿದುಕೊಂಡು ಸೊಸೈಟಿಯ ಉಯ್ಯಾಲೆಯಲ್ಲಿ ಕೂತದ್ದೇ ತಪ್ಪಾಯಿತು.

ಗುಜರಾತಿನಲ್ಲಿ ಉಯ್ಯಾಲೆಯೆಂದರೆ ಮಕ್ಕಳ ಆಟದ ಸಾಮಾನಲ್ಲ, ದೊಡ್ಡವರ ಗಾದಿ. ಬರೋಡಾದ ಅಲ್ಕಾಪುರಿಯ ಒಂದು ಒಳರಸ್ತೆಯಲ್ಲಿದ್ದ ಶಾಂತಿಕುಂಜ್ ಹೌಸಿಂಗ್ ಸೊಸೈಟಿಯಲ್ಲಿ ಆ ಗಾದಿ ಚೇರ್ಮನ್ ಕಾಂತಿಭಾಯಿಯವರದು. ದಿನಾ ಬೆಳಿಗ್ಗೆ ದೇವಸ್ಥಾನದಿಂದ ಬಂದು, ಪೇಪರು ಬಿಡಿಸಿ, ಹೆಬ್ಬೆರಳಿನಿಂದ ನೆಲವನ್ನು ಒಂದಿಷ್ಟು ತಳ್ಳುತ್ತ, ನೀರಿನ ಟ್ಯಾಂಕಿನಿಂದ ಹಿಡಿದು ಯಾರ ಮನೆಗೆ ಯಾವ ನೆಂಟರು ಬಂದರು ಎಂಬುದರವರೆಗೆ ಎಲ್ಲವನ್ನೂ ಅವರು ತೀರ್ಮಾನಿಸುತ್ತಿದ್ದದ್ದು ಅಲ್ಲೇ. ಬೇರೆಯವರು ಕೂರಬಾರದೆಂದು ಎಲ್ಲೂ ಬರೆದಿರಲಿಲ್ಲ; ಆದರೂ ಯಾರೂ ಕೂರುತ್ತಿರಲಿಲ್ಲ. ಆ ದಿನ ಕಾಂತಿಭಾಯಿ ಸಂಜೆಯ ಜನರಲ್ ಮೀಟಿಂಗಿಗೆ ಕುರ್ಚಿ ಕೇಳಲು ಪಕ್ಕದ ಸೊಸೈಟಿಗೆ ಹೋಗಿದ್ದರು. ಖಾಲಿ ಉಯ್ಯಾಲೆ ಕಂಡು ವಾಮನನ ಮನಸ್ಸು ಜಾರಿತು. ಕೂತ. ಎರಡು ಸಲ ಜೀಕಿದ. ಮೂರನೆಯ ಸಲಕ್ಕೆ ಸರಪಳಿ ಕಡಿದು, ಹಲಗೆಯ ಸಮೇತ ನೆಲಕ್ಕೆ ಬಿದ್ದ.

ಆ ಸದ್ದಿಗೆ ಎಲ್ಲ ಬಾಲ್ಕನಿಗಳಲ್ಲೂ ತಲೆಗಳು ಮೂಡಿದವು. ಪೆಟ್ಟಾಯಿತೇ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಗೇಟಿನಿಂದ ಒಳಗೆ ಬಂದ ಕಾಂತಿಭಾಯಿ, ಕಡಿದ ಸರಪಳಿಯನ್ನು ಕೈಯಲ್ಲಿ ಹಿಡಿದು ಹತ್ತಿರದ ನೆಂಟರು ತೀರಿಕೊಂಡವರ ಹಾಗೆ ಸ್ವಲ್ಪ ಹೊತ್ತು ನಿಂತರು.

"ಎರಡು ವರ್ಷದ ಹಿಂದೆಯೇ ಹೇಳಿದ್ದೆ, ಬ್ಯಾಚಲರ್‌ಗಳಿಗೆ ಮನೆ ಕೊಡಬೇಡಿ ಅಂತ," ಎಂದರು ಬಾಲ್ಕನಿಗಳ ಕಡೆ ನೋಡುತ್ತ. "ಸಂಜೆ ಮೀಟಿಂಗಿನಲ್ಲಿ ಈ ವಿಷಯವೂ ಸೇರಲಿ. ಇವರು ಇರಬೇಕೋ ಬೇಡವೋ, ಕೈ ಎತ್ತಿಸಿಯೇ ಬಿಡೋಣ."

ಬಿಸಿ ಚಹಾ ಚೆಲ್ಲಿ ಬನಿಯನ್ನಿಗೆ ಅಂಟಿಕೊಂಡಿದ್ದರೂ ವಾಮನನ ಬೆನ್ನಲ್ಲಿ ಚಳಿ ಹುಟ್ಟಿತು. ಅವನು ಕುಂದಾಪುರದ ಕಡೆಯವನು, ಮಕರಪುರದ ಒಂದು ವಾಲ್ವ್ ಕಂಪನಿಯ ಸೇಲ್ಸ್‌ನಲ್ಲಿ ಕೆಲಸ. ಬರೋಡಾಕ್ಕೆ ಬಂದ ಹೊಸತರಲ್ಲಿ ಮನೆಗಾಗಿ ಅವನು ಹತ್ತದ ಮೆಟ್ಟಿಲಿರಲಿಲ್ಲ. "ಎಷ್ಟು ಜನ ಇರ್ತೀರಿ?" ಎಂದು ಕೇಳುವರು. "ನಾನೊಬ್ಬನೇ" ಎಂದರೆ ಬಾಗಿಲು ಹಾಕಿಕೊಳ್ಳುವರು. ಕೊನೆಗೆ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ನಡೆಸುವ ಜನಾರ್ದನಣ್ಣ, ತಮ್ಮ ಮನೆಯ ಮೇಲಿನ ಫ್ಲಾಟನ್ನು ತಾವೇ ಜಾಮೀನು ನಿಂತು ಕೊಡಿಸಿದ್ದರು. ಫ್ಲಾಟಿನ ಮಾಲೀಕರು ಸೂರತ್ತಿನ ಅಡಾಜಣ್‌ನಲ್ಲಿದ್ದಾರೆ. ಸೊಸೈಟಿ ಬೇಡವೆಂದರೆ ತಮಗೂ ಬೇಡ ಎಂಬ ಜಾಯಮಾನದವರು. ಈ ಮನೆ ಹೋದರೆ ಇನ್ನೊಂದು ಸಿಗುವುದಿಲ್ಲವೆಂದು ವಾಮನನಿಗೆ ಚೆನ್ನಾಗಿ ಗೊತ್ತಿತ್ತು.

ಬನಿಯನ್ ಬದಲಿಸಿ, ಮೇಲೊಂದು ಶರ್ಟು ಹಾಕಿಕೊಂಡು ಅವನು ಸೀದಾ ಓಡಿದ್ದು ಜನಾರ್ದನಣ್ಣನ ಹೆಂಡತಿ ಜಲಜಕ್ಕನ ಹತ್ತಿರ.

"ಜಲಜಕ್ಕ, ನನ್ನನ್ನು ಮನೆ ಬಿಡಿಸ್ತಾರಂತೆ!"

"ನಿನ್ನ ತಲೆಬಿಸಿ ಸಂಜೆಗೆ ಮಾರಾಯ, ನನ್ನದು ಈಗಲೇ ಉಂಟು," ಎಂದಳು ಜಲಜಕ್ಕ. ಫೋನು ಆಗಷ್ಟೇ ಕೆಳಗಿಟ್ಟಿದ್ದಳು. "ಅಹಮದಾಬಾದಿನಿಂದ ಬರ್ಬೇಕಾದ ಮೇಡಂಗೆ ಸ್ವರವೇ ಬಿದ್ದುಹೋಗಿದೆಯಂತೆ. ಅವರ ಗಂಡ ಫೋನ್ ಮಾಡಿದ್ರು. ಭಾಷಣ ಕಲಿಸುವವರು ಗಂಟಲು ಜಾಗ್ರತೆ ಮಾಡ್ಬೇಕಾ ಬೇಡ್ವಾ?"

ಆ ಬೇಸಿಗೆ ರಜೆಯಲ್ಲಿ ಜಲಜಕ್ಕ ಸೊಸೈಟಿಯ ಹುಡುಗಿಯರಿಗಾಗಿ ಕಿಶೋರಿ ಮಂಡಲ ಶುರು ಮಾಡಿದ್ದಳು. ಹುಡುಗಿಯರು ನಾಲ್ಕು ಜನರೆದುರು ಎದ್ದು ನಿಂತು ಮಾತಾಡಬೇಕು, ಮುಂದೆ ನಿಂತು ಕೆಲಸ ನಡೆಸಬೇಕು, ನಾಳೆ ನಾಯಕಿಯರಾಗಬೇಕು ಎಂಬುದು ಎಲ್ಲರಿಗೆ ಹೇಳಿದ ಕಾರಣ. ಹೇಳದ ಕಾರಣ ಮನೆಯೊಳಗೇ ಇತ್ತು. ಮಗಳು ಪ್ರೇರಣಾ ಶಾಲೆಯಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡದೆ ಬೆರಳು ಮಾತ್ರ ಎತ್ತುವ ಹುಡುಗಿ. ಹದಿಮೂರು ವರ್ಷವಾದರೂ ಮಗಳ ಸ್ವರ ಕೇಳಲು ಟೀವಿ ಆರಿಸಬೇಕಲ್ಲ ಎಂಬ ಕೊರಗು ಆ ತಾಯಿಗೆ ನಿಜಕ್ಕೂ ಇತ್ತು.

ಜಲಜಕ್ಕ ವಾಮನನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಸೇಲ್ಸ್‌ನಲ್ಲಿ ಇರುದಲ್ವಾ?"

"ಹೌದು."

"ಹಾಗಾದ್ರೆ ಮಾತಾಡ್ಲಿಕ್ಕೆ ಬರ್ತದೆ. ಇವತ್ತಿನ ಕ್ಲಾಸು ನೀನೇ ಮಾಡು."

ಗಿರಾಕಿಗಳ ಆಫೀಸಿನ ಹೊರಗೆ ಕೂತು, ಸಾಹೇಬರು ಇವತ್ತು ಬಾರದಿರಲಿ ದೇವರೇ ಎಂದು ಬೇಡಿಕೊಳ್ಳುವ ಜಾತಿಯ ಸೇಲ್ಸ್‌ಮನ್ ಅವನು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜಲಜಕ್ಕನೇ ಮುಂದುವರಿಸಿದಳು.

"ಸಂಜೆ ಮೀಟಿಂಗಲ್ಲಿ ಮಂಡಲದ ಒಂದು ಹುಡುಗಿ ಒಂದು ವಿಷಯದ ಮೇಲೆ ಮಾತಾಡ್ಬಹುದು ಅಂತ ಕಾಂತಿಭಾಯಿ ಹತ್ರ ಒಪ್ಪಿಸಿದ್ದೇನೆ. ಆ ವಿಷಯ ನಿನ್ನದೇ ಆಗ್ಲಿ. ಹುಡುಗಿ ಎದ್ದು ನಿಂತು ನಿನ್ನ ಪರ ಮಾತಾಡಿದ್ಲು ಅಂತ ಇಟ್ಕೋ, ಮಕ್ಕಳೆದುರು ಯಾವ ಅಪ್ಪ ಅಮ್ಮ ಬೇಡ ಅಂತ ಕೈ ಎತ್ತುತ್ತಾರೆ ಹೇಳು?"

ವಾಮನನಿಗೆ ಆ ಮಾತು ನಾಟಿತು. ಹುಡುಗಿಯರು ಮುಂದೆ ನಾಯಕಿಯರಾಗಲಿ ಬಿಡಲಿ, ತಾನು ಮನೆಯಲ್ಲಿರಬೇಕು. ಅವನು ಕಾಲರ್ ಸರಿ ಮಾಡಿಕೊಂಡು ಕೆಳಗಿನ ಪಾರ್ಕಿಂಗಿಗೆ ಇಳಿದ.

ಸ್ಕೂಟರುಗಳನ್ನು ಬದಿಗೆ ಸರಿಸಿ ಹಾಸಿದ್ದ ಜಮಖಾನೆಯ ಮೇಲೆ ಏಳೆಂಟು ಹುಡುಗಿಯರು ಕೂತಿದ್ದರು. ಎಲ್ಲರಿಗಿಂತ ಬಾಯಾಳಿ ಹೇತಲ್ ಎಂಬ ಹುಡುಗಿ. ವಾಮನ ಆಸೆಯಿಂದ ಅವಳನ್ನೇ ಎಬ್ಬಿಸಿದ.

"ಅಂಕಲ್, ನಾನು ಕಾಂತಿಭಾಯಿಯ ಮೊಮ್ಮಗಳು," ಎಂದಳು ಅವಳು. "ನಿಮ್ಮ ಪರ ಮಾತಾಡಿದರೆ ರಾತ್ರಿ ನನಗೆ ಊಟ ಯಾರು ಹಾಕ್ತಾರೆ?"

ಎರಡನೆಯವಳು ಧನುಶ್ರೀ, ಮೈಸೂರಿನ ಬ್ಯಾಂಕ್ ಆಫೀಸರರ ಮಗಳು. ಭಾಷಣದಲ್ಲಿ ಕಪ್ ಗೆದ್ದವಳು. ವಾಮನ್ ಅಂಕಲ್ ಬಗ್ಗೆ ಎರಡು ಮಾತು ಹೇಳು ಎಂದದ್ದಕ್ಕೆ ಅವಳು ಎದೆಯುಬ್ಬಿಸಿ, "ಸಾವಿರಾರು ವೀರರು ಪ್ರಾಣ ತೆತ್ತು ತಂದುಕೊಟ್ಟ ಈ ಸ್ವಾತಂತ್ರ್ಯ..." ಎಂದು ಶುರು ಮಾಡಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಭಾಷಣ. ತಡೆಯಲು ಹೋದರೆ ಮೊದಲಿನಿಂದ ಪ್ರಾರಂಭಿಸುತ್ತಿದ್ದಳು.

ಉಳಿದ ಹುಡುಗಿಯರಿಗೆ ಕಾಂತಿಭಾಯಿಯ ಹೆಸರು ಕೇಳಿಯೇ ಹೊಟ್ಟೆನೋವು ಬಂತು. ಕಂಬದ ಹಿಂದೆ ಒಂದು ಜಡೆ ಮಾತ್ರ ಕಾಣುತ್ತಿತ್ತು. ಜಲಜಕ್ಕ ಆ ಜಡೆ ಹಿಡಿದು ಪ್ರೇರಣಾಳನ್ನು ಮುಂದಕ್ಕೆ ತಂದು ನಿಲ್ಲಿಸಿದಳು.

"ಅಂಕಲ್, ನನ್ನ ಆವಾಜ್ ಹೊರಗೆ ಬರುದಿಲ್ಲ," ಎಂದು ಪ್ರೇರಣಾ ಹೇಳಿದಳೆಂಬುದು ಅವಳ ತುಟಿ ನೋಡಿ ಗೊತ್ತಾಯಿತು. ಬರೋಡಾದಲ್ಲೇ ಬೆಳೆದ ಹುಡುಗಿ; ಅವಳ ಕನ್ನಡದಲ್ಲಿ ಹಿಂದಿಯೂ ಗುಜರಾತಿಯೂ ಒಟ್ಟಿಗೇ ಸಂಸಾರ ಮಾಡುತ್ತಿದ್ದವು.

"ಬರ್ತದೆ. ಯಾಕೆ ಬರುದಿಲ್ಲ?" ಎಂದ ವಾಮನ. "ನೀನು ಟೆರೇಸಿಗೆ ಹೋಗು, ನಾನು ಇಲ್ಲಿ ಕೆಳಗೆ ನಿಲ್ತೇನೆ. ಅಲ್ಲಿಂದ ಕೂಗು, ನಂಗೆ ಇಲ್ಲಿ ಕೇಳ್ಬೇಕು."

"ಎಂತ ಕೂಗುದು?"

"ಎಂತ ಬೇಕಾದ್ರೂ. ಈ ಬೀದಿಯಲ್ಲಿ ಯಾರ ಸ್ವರ ನಾಲ್ಕನೇ ಮಹಡಿಗೆ ಕೇಳ್ತದೆ ನೋಡು, ಅವರ ಹಾಗೇ ಕೂಗು."

ಪ್ರೇರಣಾ ಹೇಳಿದ ಮಾತು ಕೇಳುವ ಹುಡುಗಿ. ಟೆರೇಸಿನ ನೀರಿನ ಟ್ಯಾಂಕಿನ ಮರೆಯಲ್ಲಿ, ಯಾರಿಗೂ ಮುಖ ಕಾಣದ ಜಾಗದಲ್ಲಿ ನಿಂತು, ಭಾನುವಾರ ಹಳೇ ಪೇಪರು ಕೊಳ್ಳಲು ಬರುವ ಪಸ್ತಿವಾಲಾನ ಹಾಗೆ "ಪಸ್ತೀ... ಪಸ್ತೀಈಈ!" ಎಂದು ಕೂಗಿದಳು. ಆ ಸ್ವರ ಎಷ್ಟು ಸಾಚಾ ಆಗಿತ್ತೆಂದರೆ ಹೆಂಗಸರೆಲ್ಲ ಒಲೆ ಆರಿಸಿ, ವರ್ಷದ ಪೇಪರು ಹೊತ್ತುಕೊಂಡು ಮೆಟ್ಟಿಲಿಳಿದರು. ಕೆಳಗೆ ಕಂಡದ್ದು ವಾಮನ ಒಬ್ಬನೇ.

"ತೂಗಿ," ಎಂದು ಮೊದಲ ಮಹಡಿಯ ಕೋಕಿಲಾಬೆನ್ ಕಟ್ಟನ್ನು ಅವನ ಕಾಲ ಬಳಿ ಹಾಕಿದರು.

"ಬೆನ್, ನಾನು ವಾಮನ. ಮೂರನೇ ಮಹಡಿ."

"ನೌಕರಿ ಹೋಯಿತೇ?" ಎಂದು ಕೋಕಿಲಾಬೆನ್ ಮರುಗಿದರು. ನಿಜ ಸಂಗತಿ ತಿಳಿದ ಮೇಲೆ ಆ ಮರುಕವೂ ಉಳಿಯಲಿಲ್ಲ. ಅಷ್ಟು ಪೇಪರನ್ನು ತಿರುಗಿ ಮೇಲೆ ಹೊರುವವರು ಯಾರು? ಕೊನೆಗೆ ವಾಮನನೇ ಹೊತ್ತ, ಮನೆಮನೆಗೂ. ಪ್ರತಿ ಮನೆಯಲ್ಲೂ ಬೈಗುಳ ಕೇಳಿ ಬರುವಾಗ, ಈ ಮನೆಯ ಓಟು ಹೋಯಿತು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ.

ಮಧ್ಯಾಹ್ನದ ಮೇಲೆ ಎರಡನೆಯ ಪಾಠ. ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಧೈರ್ಯ ಬೇಕಲ್ಲ? ಟೆರೇಸಿನಲ್ಲಿ ಕಾಂತಿಭಾಯಿಯವರ ಹೆಂಡತಿ ಮಧುಬೆನ್ ತುರಿದ ಮಾವಿನಕಾಯಿಗೆ ಸಕ್ಕರೆ ಬೆರೆಸಿ ಛುಂದೋ ಎಂಬ ಸಿಹಿ ಉಪ್ಪಿನಕಾಯಿ ಮಾಡಲು ಬಿಸಿಲಿಗಿಡುತ್ತಿದ್ದರು. "ಹೋಗಿ ಅವರನ್ನೇ ರೆಪ್ಪೆ ಹೊಡೆಯದೆ ನೋಡು," ಎಂದು ವಾಮನ ಪ್ರೇರಣಾಳನ್ನು ಕಳಿಸಿದ. ಮಧುಬೆನ್ನರ ಕಣ್ಣಿಗೆ ಕಣ್ಣು ಕೊಡಲು ಹುಡುಗಿಗೆ ಹೆದರಿಕೆಯಾಗಿ, ಅವರ ಕೈಯಲ್ಲಿದ್ದ ಭರಣಿಯನ್ನೇ ರೆಪ್ಪೆ ಹೊಡೆಯದೆ ನೋಡುತ್ತ ನಿಂತಳು. ಮಧುಬೆನ್ ಭರಣಿಗೆ ಸೆರಗು ಮುಚ್ಚಿದರು. ಪ್ರೇರಣಾ ಸೆರಗನ್ನು ನೋಡಿದಳು. ಐದು ನಿಮಿಷದಲ್ಲಿ ಮಧುಬೆನ್ ಭರಣಿಗಳ ಸಮೇತ ಕೆಳಗಿಳಿದು, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಹುಡುಗಿಗೆ ಇದನ್ನೆಲ್ಲ ಹೇಳಿಕೊಟ್ಟವನು ಯಾರೆಂದು ವಿಚಾರಿಸಿಕೊಂಡು, ಕಾಂತಿಭಾಯಿಯ ಕಿವಿಗೆ ಹಾಕಿದರು.

ವಾಮನ ಮೆಟ್ಟಿಲ ಮೇಲೆ ಕುಸಿದು ಕೂತ. ಉಯ್ಯಾಲೆ ಮುರಿದದ್ದಕ್ಕೆ ಬೆಳಿಗ್ಗೆ ಒಬ್ಬರು ಮಾತ್ರ ಸಿಟ್ಟಾಗಿದ್ದರು. ಅವನ ಪಾಠದಿಂದಾಗಿ ಈಗ ಇಡೀ ಕಟ್ಟಡ ಸಿಟ್ಟಾಗಿತ್ತು. ಪಕ್ಕದಲ್ಲಿ ಪ್ರೇರಣಾ ಅವನು ಹೇಳಿಕೊಟ್ಟ ಭಾಷಣವನ್ನು ಒಪ್ಪಿಸುತ್ತಿದ್ದಳು. "ವಾಮನ್ ಅಂಕಲ್ ಶಾಂತ ಸ್ವಭಾವದವರು. ಅವರು ಇಲ್ಲಿ ಇದ್ದಾರೆ ಅಂತಲೇ ಯಾರಿಗೂ ಗೊತ್ತಾಗುದಿಲ್ಲ..." ಎನ್ನುವಷ್ಟರಲ್ಲಿ ಅವಳ ಸ್ವರ ಇಳಿದು ಇಳಿದು ಮಾಯವಾಯಿತು.

"ಯಾಕೆ ನಿಲ್ಸಿದಿ?"

"ಅಂಕಲ್, ಇದು ಸಚ್ ಉಂಟಾ?"

"ಅದು... ಭಾಷಣದಲ್ಲಿ ಹಾಗೆ ಹೇಳುದು."

"ಸಚ್ ಅಲ್ಲದ್ದು ಹೇಳುವಾಗ ನನ್ನ ಗಲಾ ಬಂದ್ ಆಗ್ತದೆ," ಎಂದಳು ಪ್ರೇರಣಾ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ವಾಮನನಿಗೆ ನಾಚಿಕೆಯಾಯಿತು. ತನ್ನ ಹೊಟ್ಟೆಪಾಡಿಗೆ ಇಷ್ಟು ಚಿಕ್ಕ ಹುಡುಗಿಯ ಗಂಟಲು ಹಿಡಿಯುತ್ತಿದ್ದೇನಲ್ಲ ಎನಿಸಿತು. ಮನೆಯ ಚಿಂತೆ ಒಂದು ಗಳಿಗೆ ಪಕ್ಕಕ್ಕೆ ಸರಿದು, ಅವನೊಳಗಿನ ಒಳ್ಳೆಯ ಮನುಷ್ಯ ಎದ್ದು ಕೂತ.

"ಹಾಗಾದ್ರೆ ಬಾಯಿಪಾಠ ಬಿಟ್ಟುಬಿಡು ಮಗಾ. ನಾನು ಕಲಿಸಿದ್ದು ಬೇಡ. ನಿಂಗೆ ಯಾವುದು ನಿಜ ಅನ್ನಿಸ್ತದೋ ಅದನ್ನೇ ಹೇಳು. ಗುಜರಾತಿಯಲ್ಲೇ ಹೇಳು."

"ಸಬ್ ಕುಛ್?"

"ಎಲ್ಲ. ಉಯ್ಯಾಲೆ ವಿಷಯದಲ್ಲಿ ನಿಂಗೆ ಎಂತ ಗೊತ್ತುಂಟು, ಹೇಳು ನೋಡುವ."

ಪ್ರೇರಣಾ ಕಣ್ಣೊರಸಿಕೊಂಡು ಎದ್ದು ನಿಂತಳು. ಉಯ್ಯಾಲೆಯ ಸರಪಳಿ ದೀಪಾವಳಿಯಿಂದಲೇ ತುಕ್ಕು ಹಿಡಿದಿತ್ತು, ಹೇತಲ್ ತನ್ನ ಅಜ್ಜನಿಗೆ ಎರಡು ಸಲ ಹೇಳಿದ್ದಳು, ಅಜ್ಜ ಎಣ್ಣೆ ಬಿಡುತ್ತೇನೆಂದು ಹೇಳಿ ಬಿಟ್ಟಿರಲಿಲ್ಲ. ಅದನ್ನೆಲ್ಲ ಅವಳು ಒಂದೇ ಉಸಿರಿಗೆ, ಗುಜರಾತಿಯಲ್ಲಿ, ಗೇಟಿನ ಹತ್ತಿರ ನಿದ್ದೆ ಹೋಗಿದ್ದ ವಾಚ್‌ಮನ್ ಬೆಚ್ಚಿ ಏಳುವಷ್ಟು ದೊಡ್ಡದಾಗಿ ಹೇಳಿದಳು. ವಾಮನನಿಗೆ ಕುಣಿಯಬೇಕೆನ್ನಿಸಿತು. ಮನೆಗಾಗಿಯಷ್ಟೇ ಅಲ್ಲ, ಆ ಹುಡುಗಿಯ ಮುಖ ಆಗ ಬೇರೆಯೇ ಆಗಿತ್ತು. ಅಡಿಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡ ಜಲಜಕ್ಕ ಸೆರಗಿನಲ್ಲಿ ಮೂಗು ಒರಸಿಕೊಂಡಳು.

ಸಂಜೆ ಪಾರ್ಕಿಂಗಿನಲ್ಲಿ ಎಲ್ಲರೂ ಸೇರಿದರು. ಕುರ್ಚಿಗಳನ್ನು ಕೊಟ್ಟ ಪಕ್ಕದ ನಂದನವನ ಸೊಸೈಟಿಯ ಚೇರ್ಮನ್ ರಸಿಕಭಾಯಿ, ಕುರ್ಚಿ ಎಣಿಸಿ ವಾಪಸು ಒಯ್ಯುವ ನೆಪದಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಜನಾರ್ದನಣ್ಣ ಹೋಟೆಲನ್ನು ಮ್ಯಾನೇಜರನಿಗೆ ಬಿಟ್ಟು ಬಂದಿದ್ದರು. ಕಾಂತಿಭಾಯಿ ಮುರಿದ ಸರಪಳಿಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ಬ್ಯಾಚಲರ್‌ಗಳಿಂದ ಸಮಾಜಕ್ಕಾಗುವ ಹಾನಿಯನ್ನು ವಿವರಿಸಿದರು. ಪಸ್ತಿಯ ಮಾತು ಬಂತು. ಛುಂದೋದ ಮಾತು ಬಂತು. ಆಮೇಲೆ ಅವರು ನಗುತ್ತ, "ಈಗ ನಮ್ಮ ಕಿಶೋರಿ ಮಂಡಲದಿಂದ ಪ್ರೇರಣಾಬೇಟಿ ಮಾತಾಡ್ತಾಳೆ," ಎಂದು ಕೂತರು. ಆ ಹುಡುಗಿ ಮಾತಾಡುವುದಿಲ್ಲವೆಂದು ಅವರಿಗೆ ಪೂರ್ತಿ ನಂಬಿಕೆಯಿತ್ತು.

ಪ್ರೇರಣಾ ಎದ್ದು ಬಂದು ಕಾಂತಿಭಾಯಿಯ ಕಣ್ಣಲ್ಲೇ ಕಣ್ಣಿಟ್ಟು ನಿಂತಳು.

"ದಾದಾಜಿ, ಈ ಸರಪಳಿ ಮುಟ್ಟಿ ನೋಡಿ. ನಿಮ್ಮ ಕೈಗೆ ತುಕ್ಕು ಅಂಟುತ್ತದೆ. ಇದಕ್ಕೆ ಎಣ್ಣೆ ಬಿಡುತ್ತೇನೆ ಅಂತ ಹೇಳಿದವರು ನೀವು, ವಾಮನ್ ಅಂಕಲ್ ಅಲ್ಲ. ಇವತ್ತು ಅಂಕಲ್ ಕೂರದಿದ್ದರೆ ಅರ್ಧ ಗಂಟೆ ಬಿಟ್ಟು ನೀವು ಬೀಳುತ್ತಿದ್ದಿರಿ. ನಿಮ್ಮ ಬದಲು ಅವರು ಬಿದ್ದರು."

ಹಿಂದಿನಿಂದ ಹೇತಲ್, ಊಟದ ಆಸೆ ಬಿಟ್ಟು, "ನಿಜ ದಾದಾ!" ಎಂದು ಅಜ್ಜನಿಗೆ ಕೂಗಿ ಹೇಳಿದಳು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಕಾಂತಿಭಾಯಿ ಸರಪಳಿ ಮುಟ್ಟಿದ ಬೆರಳನ್ನು ಪಂಚೆಗೆ ಒರಸಿಕೊಂಡರು. ಮಧುಬೆನ್ ಮೊಟ್ಟಮೊದಲ ಬಾರಿಗೆ ವಾಮನನ ಕಡೆ ಕೃತಜ್ಞತೆಯಿಂದ ನೋಡಿದರು. ವಾಮನ ಕುರ್ಚಿಗೆ ಒರಗಿ ಕಾಲು ಚಾಚಿದ, ಮನೆ ಉಳಿಯಿತು.

"ಆದರೆ," ಎಂದಳು ಪ್ರೇರಣಾ.

ವಾಮನ ಕಾಲು ಹಿಂದಕ್ಕೆಳೆದುಕೊಂಡ.

"ಇನ್ನೊಂದು ಮಾತಿದೆ. ಅಂಕಲ್ ಎಲ್ಲವನ್ನೂ ಹೇಳು ಅಂದಿದ್ದಾರೆ. ನಮ್ಮ ಮನೆ ಅವರ ಮನೆಯ ಕೆಳಗೆ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಐದು ಗಂಟೆಗೆ ಅಂಕಲ್ ಮನೆಯಲ್ಲಿ ಅಲಾರಾಂ ಹೊಡೆಯುತ್ತದೆ. ಅದನ್ನು ಸ್ಟೀಲ್ ತಟ್ಟೆಯಲ್ಲಿ ಇಡುತ್ತಾರೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಅಂಕಲ್ ಏಳುವುದಿಲ್ಲ. ನಾನು ಏಳುತ್ತೇನೆ. ನಿಂತಿತು ಅಂತ ಮಲಗಿದರೆ ಮತ್ತೆ ಹೊಡೆಯುತ್ತದೆ. ಪರೀಕ್ಷೆ ದಿನವೂ ಹೊಡೆಯಿತು, ಜ್ವರ ಬಂದ ದಿನವೂ ಹೊಡೆಯಿತು, ಈಗ ರಜೆಯಲ್ಲೂ ಹೊಡೆಯುತ್ತಿದೆ. ಹೇಳೋಣ ಅಂತ ಎಷ್ಟೋ ಸಲ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತು, ಹೆದರಿ ವಾಪಸು ಬಂದಿದ್ದೇನೆ. ಇವತ್ತು ಹೇಳುತ್ತಿದ್ದೇನೆ."

ಪ್ರತಿ ಮಾತೂ ನಿಜವಾಗಿತ್ತು. ಬೆಳಿಗ್ಗೆ ಎದ್ದು ವ್ಯಾಯಾಮ ಮಾಡಬೇಕೆಂದು ಬರೋಡಾಕ್ಕೆ ಬಂದ ಮೊದಲ ದಿನ ವಾಮನ ತೀರ್ಮಾನಿಸಿದ್ದ. ತೀರ್ಮಾನ ಇನ್ನೂ ಹಾಗೇ ಇತ್ತು. ತನಗೇ ಕೇಳಿಸದ ಅಲಾರಾಂ ಬೇರೆಯವರಿಗೆ ಕೇಳಿಸೀತೆಂದು ಅವನಿಗೆ ಹೊಳೆದಿರಲಿಲ್ಲ.

"ಅದು ಇವರದ್ದೇ?" ಎಂದು ಕೋಕಿಲಾಬೆನ್ ಎದ್ದು ನಿಂತರು. "ನಾನು ಡೈರಿಯ ಸೈರನ್ ಅಂದುಕೊಂಡು ದಿನಾ ಎದ್ದು ಹಾಲಿಗೆ ಪಾತ್ರೆ ತೊಳೀತಿದ್ದೆ!" ನಾಲ್ಕನೆಯ ಮಹಡಿಯವರು ಅದನ್ನು ರೈಲ್ವೆಯದೆಂದು ತಿಳಿದು ಸ್ಟೇಷನ್‌ಗೆ ದೂರು ಕೊಟ್ಟು ಬಂದಿದ್ದರಂತೆ. ಒಂದು ಮಗು ಬಾಯಿ ಬಿಟ್ಟದ್ದೇ ಎಲ್ಲರ ಬಾಯಿಯೂ ಬಿಟ್ಟುಕೊಂಡಿತು. ಹೇತಲ್ ಭಾಷಣಕ್ಕೆ ನಿಂತಳು. ಹೊಟ್ಟೆನೋವಿನ ಹುಡುಗಿಯರೆಲ್ಲ ಗುಣವಾಗಿ ಒಬ್ಬೊಬ್ಬರೇ ಕೈ ಎತ್ತಿದರು.

ಕಾಂತಿಭಾಯಿಗೆ ಹೋದ ಜೀವ ಬಂತು. "ಹಾಗಾದರೆ ನೀನೇ ಹೇಳು ಬೇಟಿ. ಅಂಕಲ್ ಇರಬೇಕೋ, ಬೇಡವೋ?"

ಪ್ರೇರಣಾ ವಾಮನನನ್ನು ನೋಡಿದಳು. ಈ ಸಲ ಅವಳ ಸ್ವರ ಇಳಿಯಲಿಲ್ಲ. "ವಾಮನ್ ಅಂಕಲ್ ತುಂಬ ಒಳ್ಳೆಯವರು. ನನಗೆ ಯಾರೂ ಇಷ್ಟು ಪ್ರೀತಿಯಿಂದ ಮಾತಾಡಲು ಕಲಿಸಿರಲಿಲ್ಲ. ಆದರೆ ನನಗೆ ನಿದ್ದೆ ಬೇಕು. ಅವರು ಬೇರೆ ಕಡೆ ಇರಲಿ."

ಅಲಾರಾಂ ಈಗಲೇ ಹೋಗಿ ಕೆರೆಗೆಸೆಯುತ್ತೇನೆ ಎನ್ನಲು ವಾಮನ ಎದ್ದು ನಿಂತ. ಇಷ್ಟು ಜನರ ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದೇ ಅವನ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಅಷ್ಟರಲ್ಲಿ ಅಪ್ಪ ಅಮ್ಮಂದಿರ ಕೈಗಳೆಲ್ಲ ಮೇಲೆದ್ದಿದ್ದವು. ಎಲ್ಲಕ್ಕಿಂತ ಎತ್ತರದಲ್ಲಿದ್ದ ಕೈ ಜನಾರ್ದನಣ್ಣನದು.

"ಜನಾರ್ದನಣ್ಣ, ನೀವೂ?" ಎಂದು ವಾಮನ ಹೇಗೋ ಪಿಸುಗುಟ್ಟಿದ.

"ಮಗಳು ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಬಿಟ್ಟದ್ದು ಮಾರಾಯ," ಎಂದರು ಜನಾರ್ದನಣ್ಣ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. "ನಾನು ಹೇಗೆ ಕೈ ಕೆಳಗಿಡುದು, ನೀನೇ ಹೇಳು."

ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಆಮೇಲೆ ಎಲ್ಲರೂ ಎದ್ದು ಪ್ರೇರಣಾಳಿಗೆ ಚಪ್ಪಾಳೆ ತಟ್ಟಿದರು. ವಾಮನ ನೋಡುತ್ತಾನೆ, ತಾನೂ ತಟ್ಟುತ್ತಿದ್ದಾನೆ. ಹುಡುಗಿ ನಾಚದೆ, ಕಂಬದ ಹಿಂದೆ ಓಡದೆ, ತಲೆ ಎತ್ತಿ ನಿಂತಿದ್ದಳು. ಅದನ್ನು ಕಂಡು ವಾಮನನಿಗೆ ಹೊಟ್ಟೆ ಉರಿಯಬೇಕಿತ್ತು. ಹೆಮ್ಮೆಯೇ ಹೆಚ್ಚಾಗಿ ಆಯಿತು.

ಜನ ಚದುರುವಾಗ ರಸಿಕಭಾಯಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಒಂದೇ ದಿನದಲ್ಲಿ ಹುಡುಗಿಯನ್ನು ಹೀಗೆ ತಯಾರು ಮಾಡಿದಿರಲ್ಲ ಭಾಯಿ! ನಮ್ಮ ನಂದನವನದಲ್ಲಿ ಇಷ್ಟೊಂದು ಹುಡುಗಿಯರಿದ್ದಾರೆ, ಒಬ್ಬಳೂ ಬಾಯಿ ಬಿಡುವುದಿಲ್ಲ. ಬರುವ ಭಾನುವಾರದಿಂದ ನೀವು ನಮ್ಮಲ್ಲಿಗೆ ಬರಲೇಬೇಕು. ಎದುರಿನ ಸೊಸೈಟಿಯವರೂ ಕೇಳುತ್ತಿದ್ದಾರೆ, ಆದರೆ ಮೊದಲು ನಮ್ಮದು."

ವಾಮನನ ಎದೆಯಲ್ಲಿ ಸಣ್ಣದೊಂದು ದೀಪ ಹತ್ತಿತು. "ಖಂಡಿತ ಬರ್ತೇನೆ ರಸಿಕಭಾಯಿ. ಅಂದ ಹಾಗೆ, ನಿಮ್ಮಲ್ಲಿ ಬಾಡಿಗೆಗೆ ಮನೆ ಏನಾದರೂ ಖಾಲಿ ಇದೆಯಾ?"

"ಇದೆಯಲ್ಲ! ಎರಡು ಖಾಲಿ ಬಿದ್ದಿವೆ."

"ನನಗೊಂದು..."

ರಸಿಕಭಾಯಿ ಮೆಲ್ಲಗೆ ಅವನ ಕೈ ಬಿಟ್ಟರು.

"ಅದು ಮಾತ್ರ ಕೇಳಬೇಡಿ ಭಾಯಿ. ಹೆಣ್ಣುಮಕ್ಕಳಿರುವ ಜಾಗ. ಬ್ಯಾಚಲರ್‌ಗಳನ್ನು ಹೇಗೆ ಇಟ್ಟುಕೊಳ್ಳೋದು?"